ಡಿಸೈನ್ ಸ್ಟಾರ್ಟಪ್‌ಗೆ ಬೆನ್ನಿಗೆ ನಿಲ್ಲುವುದು ಹೇಗೆ? ಮೊದಲು ಸಮಯ ಕೊಡಿ, ಆಮೇಲೆ ದುಡ್ಡು

ಬೆಂಗಳೂರಿನಲ್ಲಿ ಡಿಸೈನ್ ಕಲಿಯುವ ಜಾಗಗಳಿಗೆ ಕೊರತೆ ಇಲ್ಲ. ಯಲಹಂಕದಲ್ಲಿ ಸೃಷ್ಟಿ ಇದೆ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನಿಫ್ಟ್ ಇದೆ, ತುಮಕೂರು ರಸ್ತೆಯಲ್ಲಿ ಎನ್‌ಐಡಿ ಕ್ಯಾಂಪಸ್ ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಐಐಎಸ್‌ಸಿಯ ಪ್ರಾಡಕ್ಟ್ ಡಿಸೈನ್ ವಿಭಾಗ ಬೇರೆ. ಇಲ್ಲಿಂದ ಹೊರಬರುವ ಹುಡುಗ ಹುಡುಗಿಯರಲ್ಲಿ ಕೆಲವರು ಕೆಲಸಕ್ಕೆ ಸೇರುತ್ತಾರೆ. ಇನ್ನು ಕೆಲವರು ಇಬ್ಬರು ಮೂವರು ಜೊತೆಯಾಗಿ ಸ್ವಂತದ್ದೊಂದು ಶುರು ಮಾಡುತ್ತಾರೆ. ದೀಪ, ಆಟಿಕೆ, ಬ್ಯಾಗು, ಕುರ್ಚಿ, ಅಂಗಡಿಯ ಬೋರ್ಡು, ಆ್ಯಪ್‌ನ ಮುಖ, ಮಕ್ಕಳ ಗೇಮು, ಏನು ಬೇಕಾದರೂ ಇರಬಹುದು.

ಇವರಿಗೆ ಚೆನ್ನಾಗಿ ಮಾಡೋಕೆ ಬರುತ್ತದೆ. ರೇಟು ಹೇಳೋಕೆ ಬರಲ್ಲ. ಬಾಕಿ ಕೇಳೋಕೆ ಸಂಕೋಚ. ಒಪ್ಪಂದ ಓದೋಕೆ ಬೇಜಾರು. ಅದೇ ಊರಿನಲ್ಲಿ ಈ ಮೂರನ್ನೂ ಜೀವನಪೂರ್ತಿ ಮಾಡಿಕೊಂಡು ಬಂದವರು ಸಾವಿರಾರು ಜನ ಇದ್ದಾರೆ. ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ನಡೆಸಿದವರು, ಚಿಕ್ಕಪೇಟೆಯಲ್ಲಿ ಜವಳಿ ವ್ಯಾಪಾರ ನೋಡಿಕೊಂಡವರು, ಬ್ಯಾಂಕಿನಲ್ಲಿ ಸಾಲದ ಫೈಲು ಪರಿಶೀಲಿಸಿದವರು, ಐಟಿ ಕಂಪನಿಯಲ್ಲಿ ದೊಡ್ಡ ದೊಡ್ಡ ಕ್ಲೈಂಟ್‌ಗಳನ್ನು ಸಂಭಾಳಿಸಿದವರು. ಈ ಬರಹ ಅವರಿಗೆ. ನಿಮ್ಮ ಹತ್ತಿರ ಸ್ವಲ್ಪ ದುಡ್ಡು, ಸ್ವಲ್ಪ ಬಿಡುವು ಇದ್ದು, ಇಂಥ ಒಂದು ತಂಡಕ್ಕೆ ನೆರವಾಗಬೇಕು ಅನ್ನಿಸಿದ್ದರೆ ಎಲ್ಲಿಂದ ಶುರು ಮಾಡಬೇಕು, ಯಾವ ಕಾಗದ ನೋಡಬೇಕು, ಯಾವಾಗ ಚೆಕ್ ಬರೆಯಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ನನ್ನ ಗಟ್ಟಿ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ಡಿಸೈನ್ ಕಂಪನಿಗಳು ಡಿಸೈನ್ ಚೆನ್ನಾಗಿಲ್ಲ ಅಂತ ಮುಚ್ಚುವುದು ಕಡಿಮೆ. ಬೆಲೆ ತಪ್ಪಿರುತ್ತದೆ, ಬಿಲ್ಲು ಬಂದಿರುವುದಿಲ್ಲ, ಇಲ್ಲವೇ ಮಾಡಿದ ಕೆಲಸದ ಹಕ್ಕು ಕೈಬಿಟ್ಟುಹೋಗಿರುತ್ತದೆ. ಈ ಮೂರೂ ದುಡ್ಡು ಹಾಕಿದ ಮಾತ್ರಕ್ಕೆ ಸರಿಹೋಗಲ್ಲ. ಜೊತೆಯಲ್ಲಿ ಕೂತು ಸರಿ ಮಾಡಬೇಕು.

ಹೆಜ್ಜೆ 1: ಅದು ಸ್ಟುಡಿಯೋನಾ, ಪ್ರಾಡಕ್ಟ್ ಕಂಪನಿನಾ?

ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಲೆಕ್ಕ ಮಾತ್ರ ಪೂರ್ತಿ ಬೇರೆ.

ಸ್ಟುಡಿಯೋ ಅಂದರೆ ಬೇರೆಯವರಿಗೆ ಕೆಲಸ ಮಾಡಿಕೊಟ್ಟು ಫೀಸು ತಗೊಳ್ಳುವುದು. ಲೋಗೋ, ಪ್ಯಾಕಿಂಗ್, ಒಳಾಂಗಣ, ವೆಬ್‌ಸೈಟ್. ಇಲ್ಲಿ ಮಾರುವುದು ಜನರ ಗಂಟೆಗಳನ್ನು. ದುಪ್ಪಟ್ಟು ದುಡಿಯಬೇಕು ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು ಜನ ಬೇಕು. ಹೀಗಾಗಿ ಷೇರು ತಗೊಂಡು ಹತ್ತು ಪಟ್ಟು ಬೆಳೆಯಲಿ ಅಂತ ಕಾಯುವವರಿಗೆ ಇದು ಸರಿಯಾದ ಜಾಗವಲ್ಲ. ಸ್ಟುಡಿಯೋಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಒಳ್ಳೇ ಗಿರಾಕಿಯನ್ನು ಪರಿಚಯ ಮಾಡಿಸುವುದು.

ಪ್ರಾಡಕ್ಟ್ ಕಂಪನಿ ತನ್ನದೇ ಹೆಸರಿನಲ್ಲಿ ಸಾಮಾನು ಮಾಡಿ ಮಾರುತ್ತದೆ. ಡೈ, ಅಂದರೆ ಅಚ್ಚು, ಮಾಡಿಸಬೇಕು, ಸ್ಟಾಕ್ ಇಟ್ಟುಕೊಳ್ಳಬೇಕು, ಅಂಗಡಿಗೆ ಸಾಲದ ಮೇಲೆ ಕೊಡಬೇಕು. ಬಂಡವಾಳ ಬೇಕಾಗುವುದು ಇಲ್ಲಿ. 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಫ್ರಿಜ್ ಮ್ಯಾಗ್ನೆಟ್, ಕೀಚೈನ್‌ನಂಥ ನೆನಪಿನ ಕಾಣಿಕೆಗಳಿಂದ ಶುರುವಾದ ಚುಂಬಕ್ ಆಮೇಲೆ ಹೂಡಿಕೆ ಪಡೆದು ಊರೂರಿನಲ್ಲಿ ಅಂಗಡಿ ತೆರೆಯಿತು. ಸ್ಟುಡಿಯೋ ಆಗಿದ್ದರೆ ಆ ದಾರಿ ಇರುತ್ತಿರಲಿಲ್ಲ.

ಅನಿಮೇಶನ್, ಗೇಮಿಂಗ್ ತಂಡಗಳು ಇವೆರಡರ ನಡುವೆ ಬರುತ್ತವೆ. ದೇಶದಲ್ಲೇ ಮೊದಲು, 2012ರಲ್ಲಿ, ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದದ್ದು ಕರ್ನಾಟಕ. ಈಗ 2024ರಿಂದ 2029ರವರೆಗಿನ ನೀತಿ ನಡೆಯುತ್ತಿದೆ. ಇಂಥ ತಂಡಕ್ಕೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಪಾತ್ರ, ಕಥೆ ನಿಮ್ಮದಾ, ಬೇರೆಯವರ ಸಿನಿಮಾಗೆ ಕೂಲಿ ಕೆಲಸ ಮಾಡುತ್ತಿದ್ದೀರಾ?

ಸ್ಟುಡಿಯೋ ಕೆಲಸದಿಂದ ಬಂದ ದುಡ್ಡಿನಲ್ಲಿ ಸ್ವಂತ ಪ್ರಾಡಕ್ಟ್ ಮಾಡುತ್ತಿರುವವರೂ ಬಹಳ ಜನ ಇದ್ದಾರೆ. ನನಗೆ ಇವರನ್ನು ಕಂಡರೆ ಜಾಸ್ತಿ ಗೌರವ. ಆದರೆ ಎರಡರ ಲೆಕ್ಕ ಬೇರೆ ಬೇರೆ ಇಡಿಸಿ. ಇಲ್ಲದಿದ್ದರೆ ಯಾವುದು ಯಾವುದನ್ನು ಸಾಕುತ್ತಿದೆ ಅಂತ ಅವರಿಗೇ ಗೊತ್ತಾಗಲ್ಲ.

ಹೆಜ್ಜೆ 2: ಆರು ತಿಂಗಳು ದುಡ್ಡಿನ ಮಾತೇ ಬೇಡ

ಪರಿಚಯವಾದ ವಾರದಲ್ಲೇ ಚೆಕ್ ಬರೆಯಬೇಡಿ. ಆರು ತಿಂಗಳು ಬರೀ ಮಾರ್ಗದರ್ಶಕರಾಗಿರಿ. ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಸಾಕು. ಅವರ ಜಾಗಕ್ಕೇ ಹೋಗಿ. ಕಾಫಿ ಶಾಪಿನಲ್ಲಿ ಕೂತರೆ ಸ್ಲೈಡ್ ಕಾಣುತ್ತದೆ, ಅವರ ಜಾಗದಲ್ಲಿ ಮೂಲೆಯಲ್ಲಿ ಬಿದ್ದಿರುವ ರಿಟರ್ನ್ ಬಂದ ಡಬ್ಬಗಳು ಕಾಣುತ್ತವೆ.

ಪ್ರತಿ ಸಲ ಒಂದೇ ವಿಷಯ ಹಿಡಿದುಕೊಳ್ಳಿ. ಕೊನೆಯಲ್ಲಿ ಯಾರು ಏನು ಮಾಡಬೇಕು ಅಂತ ಅವರ ಕೈಯಲ್ಲೇ ನಾಲ್ಕು ಸಾಲು ಬರೆಸಿ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ. ಮಾಡದಿದ್ದರೆ ಯಾಕೆ ಆಗಲಿಲ್ಲ ಅಂತ ಕೇಳಿ, ಗದರಬೇಡಿ. ಹೇಳಿದ್ದನ್ನು ಮಾಡುವವರು, ಮಾಡಲ್ಲ ಅಂತ ನೇರವಾಗಿ ಹೇಳಿ ಕಾರಣ ಕೊಡುವವರು, ಇಬ್ಬರ ಮೇಲೂ ನಂಬಿಕೆ ಇಡಬಹುದು. ಪ್ರತಿ ಸಲ ತಲೆ ಆಡಿಸಿ ಏನೂ ಮಾಡದವರ ಜೊತೆ ದುಡ್ಡಿನ ವ್ಯವಹಾರ ಬೇಡ.

ಡಿಸೈನ್‌ಗೆ ಕೈ ಹಾಕಬೇಡಿ. "ಈ ನೀಲಿ ಯಾಕೋ ಸರಿಯಿಲ್ಲ, ನಮ್ಮ ಮನೆಯವರಿಗೂ ಇಷ್ಟ ಆಗಲಿಲ್ಲ" ಅನ್ನುವ ಮಾತು ಬೇಡವೇ ಬೇಡ. ಅದು ಅವರ ವಿದ್ಯೆ. ನಿಮ್ಮ ವಿದ್ಯೆ ಬೇರೆ. ಮರ ಕಡೆಸಿ ಅನುಭವ ಇರುವವರು "ಈ ದೀಪದ ಬುಡದ ಅಗಲ ಅರ್ಧ ಇಂಚು ಕಮ್ಮಿಯಾದರೆ ಚಿಕ್ಕ ಸೈಜಿನ ಮರದಲ್ಲೇ ಆಗುತ್ತದೆ, ನೋಡಿ" ಅನ್ನಬಹುದು. ಅದು ರುಚಿಯ ಮಾತಲ್ಲ, ಖರ್ಚಿನ ಮಾತು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಿಮ್ಮ ಪರಿಚಯಗಳನ್ನು ಧಾರಾಳವಾಗಿ ಕೊಡಿ. ಪೀಣ್ಯದಲ್ಲಿ ಹತ್ತು ಪೀಸು ಕೇಳಿದರೆ ಬಾಗಿಲಲ್ಲೇ ಕಳಿಸುವವರು, ನೀವು ಒಂದು ಫೋನ್ ಮಾಡಿದರೆ ಮೆಷಿನ್ ಖಾಲಿಯಿರುವ ದಿನ ಮಾಡಿಕೊಡುತ್ತಾರೆ. ಎಸ್‌ಪಿ ರಸ್ತೆಯಲ್ಲಿ ಯಾವ ಅಂಗಡಿಯವರು ಎಲ್‌ಇಡಿ ಡ್ರೈವರ್ ಕೆಟ್ಟರೆ ವಾಪಸ್ ತಗೊಳ್ಳುತ್ತಾರೆ ಅನ್ನುವುದು ಯಾವ ಕೋರ್ಸಿನಲ್ಲೂ ಹೇಳಿಕೊಡಲ್ಲ. ಒಂದು ಎಚ್ಚರ ಇರಲಿ. ನಿಮ್ಮದೇ ಫ್ಯಾಕ್ಟರಿಯಲ್ಲೋ ತಮ್ಮನ ಪ್ರೆಸ್ಸಿನಲ್ಲೋ ಅವರ ಕೆಲಸ ಮಾಡಿಸುವುದಾದರೆ, ಸಂಬಂಧ ಏನು ಅಂತ ಮುಂಚೆಯೇ ಹೇಳಿ. ಬೇರೆ ಎರಡು ಕಡೆ ಕೊಟೇಶನ್ ತರಿಸಿ ಅಂತ ನೀವೇ ಹೇಳಿ.

ಮಾರ್ಗದರ್ಶನಕ್ಕೆ ಷೇರು ಕೇಳಬೇಕಾ? ಕೆಲವರು ಕೇಳುತ್ತಾರೆ. ಹೊರಗಿನ ಸಲಹೆಗಾರರಿಗೆ ಇಸಾಪ್ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಕೊಡಲು ಕಂಪನಿ ಕಾಯ್ದೆಯಲ್ಲಿ ಅವಕಾಶವಿಲ್ಲ, ಅದು ನೌಕರರಿಗೆ, ನಿರ್ದೇಶಕರಿಗೆ ಮೀಸಲು. ನನ್ನ ಕೇಳಿದರೆ ಮೊದಲ ಆರು ತಿಂಗಳು ಏನೂ ಕೇಳದೇ ಇರುವುದೇ ಸರಿ.

ಈ ಅವಧಿಯಲ್ಲೇ ಷೇರು ಬಿಟ್ಟುಕೊಡದೆ ಸಿಗುವ ದುಡ್ಡಿಗೆ ಅರ್ಜಿ ಹಾಕಿಸಿ. ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸೆಲ್ 2000ರಿಂದ ಹೊಸ ಉದ್ಯಮಿಗಳನ್ನು ಬೆಳೆಸುತ್ತಿದೆ. ಅರ್ಜಿ ಬರೆಯುವುದೇ ಒಂದು ಕಲಿಕೆ. ಸಿಗದಿದ್ದರೂ ಅವರ ಲೆಕ್ಕ ಅವರಿಗೆ ಸ್ಪಷ್ಟವಾಗುತ್ತದೆ.

ಹೆಜ್ಜೆ 3: ಬೆಲೆಯ ಕಾಗದ ಬಿಡಿಸಿ

ನಿಮ್ಮಿಂದ ಜಾಸ್ತಿ ಪ್ರಯೋಜನ ಆಗುವುದು ಇಲ್ಲೇ. ಉದಾಹರಣೆಗೆ ಒಂದು ಮರದ ಮೇಜಿನ ದೀಪ ತಗೊಳ್ಳೋಣ. ಜಿಎಸ್‌ಟಿ ಸದ್ಯಕ್ಕೆ ಪಕ್ಕಕ್ಕಿಡಿ.

ಮರ ಮತ್ತು ಕಡೆದ ಕೂಲಿ 620. ಹೋಲ್ಡರ್, ವೈರು, ಸ್ವಿಚ್ಚು, ಬಲ್ಬು 210. ಪಾಲಿಶ್ 90. ಡಬ್ಬ ಮತ್ತು ಒಳಗಿನ ಕುಶನ್ 110. ಒಟ್ಟು 1,030 ರೂಪಾಯಿ. ಹುಡುಗರು 1,800ಕ್ಕೆ ಇಟ್ಟಿರುತ್ತಾರೆ. ಒಂದಕ್ಕೆ 770 ಲಾಭ ಅಂತ ಖುಷಿ.

ಈಗ ಅಂಗಡಿಗೆ ಕೊಡಿ. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ 40 ಇಟ್ಟುಕೊಂಡರು ಅಂದುಕೊಳ್ಳಿ. 720 ಹೋಯಿತು. ಕೈಗೆ ಬರುವುದು 1,080. ಖರ್ಚು ಕಳೆದರೆ ಉಳಿಯುವುದು 50 ರೂಪಾಯಿ. ಅದರಲ್ಲಿ ಅಂಗಡಿಗೆ ಸಾಗಿಸಿದ ಆಟೋ ಬಾಡಿಗೆ ಬರಬೇಕು, ಒಡೆದದ್ದಕ್ಕೆ ಬದಲಿ ಬರಬೇಕು, ಈ ಹುಡುಗರ ಸಂಬಳ ಬರಬೇಕು. ಸ್ವಂತ ವೆಬ್‌ಸೈಟಿನಲ್ಲಿ ಮಾರಿದರೆ? ಕೊರಿಯರ್ 160, ಪೇಮೆಂಟ್ ಗೇಟ್‌ವೇಗೆ ಶೇ 2ರಂತೆ 36, ಒಂದು ಆರ್ಡರ್ ಬರಲು ಇನ್‌ಸ್ಟಾಗ್ರಾಂ ಜಾಹೀರಾತಿಗೆ 250 ಅಂತ ಹಿಡಿಯಿರಿ. ಉಳಿಯುವುದು 324. ಇದರಲ್ಲೂ ಬಾಡಿಗೆ, ಸಂಬಳ ಇನ್ನೂ ಸೇರಿಲ್ಲ.

ದಾರಿ ಎರಡೇ. ಬೆಲೆ 2,800ಕ್ಕೆ ಏರಿಸುವುದು, ಇಲ್ಲವೇ ಅದೇ ದೀಪವನ್ನು 700 ರೂಪಾಯಿಗೆ ಆಗುವಂತೆ ಮತ್ತೆ ಡಿಸೈನ್ ಮಾಡುವುದು. 2,800 ಆದರೆ ಅಂಗಡಿಯ ಪಾಲು ಕಳೆದು 1,680 ಬರುತ್ತದೆ, ಒಂದಕ್ಕೆ 650 ಉಳಿಯುತ್ತದೆ. ಅಂಗಡಿಯ ಮೂಲಕ ಮಾರುವ ಸಾಮಾನಿಗೆ ತಯಾರಿಕೆ ಖರ್ಚಿನ ಎರಡೂವರೆ ಪಟ್ಟಾದರೂ ಬೆಲೆ ಇರಲಿ ಅನ್ನುವುದು ನಾನು ಇಟ್ಟುಕೊಂಡಿರುವ ಲೆಕ್ಕ. ಅಷ್ಟು ಬೆಲೆಗೆ ಜನ ತಗೊಳ್ಳಲ್ಲ ಅಂತಾದರೆ ಆ ದೀಪ ಅಂಗಡಿಗೆ ಹೋಗಬಾರದು. ಇದನ್ನು ಬಿಳಿ ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ನೀವು ಹೇಳಿದರೆ ಉಪದೇಶ ಆಗುತ್ತದೆ, ಅವರೇ ಕೂಡಿಸಿ ಕಳೆದರೆ ಮರೆಯಲ್ಲ.

ಸ್ಟುಡಿಯೋ ಆದರೆ ಗಂಟೆಯ ಲೆಕ್ಕ. ಸಂಬಳ, ಬಾಡಿಗೆ, ಸಾಫ್ಟ್‌ವೇರ್ ಚಂದಾ ಎಲ್ಲ ಕೂಡಿಸಿ, ತಿಂಗಳಿಗೆ ನಿಜವಾಗಿ ಬಿಲ್ ಮಾಡಬಹುದಾದ ಗಂಟೆಗಳಿಂದ ಭಾಗಿಸಿ. ಮೀಟಿಂಗು, ಕೊಟೇಶನ್ನು, ಬಾಕಿಗೆ ಫೋನ್ ಮಾಡುವ ಹೊತ್ತು ಬಿಲ್ ಆಗಲ್ಲ ಅನ್ನುವುದನ್ನು ನೆನಪಿಸಿ.

ಹೆಜ್ಜೆ 4: ಬಾಕಿ ವಸೂಲಿ ಕಲಿಸಿ

"ಸರ್, ಕ್ಲೈಂಟ್ ದೊಡ್ಡ ಕಂಪನಿ. ಕೇಳಿದರೆ ಮುಂದಿನ ಕೆಲಸ ಕೊಡಲ್ವೇನೋ ಅಂತ ಭಯ." ಈ ಮಾತು ನೀವೂ ಕೇಳುತ್ತೀರಿ. "ಏನಮ್ಮಾ, ಮಾಡಿದ ಕೆಲಸಕ್ಕೆ ಕೇಳ್ತಿದ್ದೀಯ, ಸಾಲ ಅಲ್ವಲ್ಲ" ಅಂತ ಧೈರ್ಯ ಹೇಳಿ. ಆದರೆ ಬರೀ ಧೈರ್ಯ ಸಾಲದು, ವ್ಯವಸ್ಥೆ ಬೇಕು.

ನೋಡಿ, ಎರಡು ಲಕ್ಷದ ಬಿಲ್ ಕಳಿಸಿದರು ಅಂದುಕೊಳ್ಳಿ. ಡಿಸೈನ್ ಸೇವೆಗೆ ಜಿಎಸ್‌ಟಿ ಶೇ 18, ಅಂದರೆ 36,000. ಕ್ಲೈಂಟ್ ಮೂರು ತಿಂಗಳು ಬಿಟ್ಟು ಕೊಟ್ಟರೂ ಜಿಎಸ್‌ಟಿ ಕಟ್ಟಬೇಕಾದ್ದು ಬಿಲ್ ಮಾಡಿದ ಲೆಕ್ಕದಲ್ಲಿ, ಮುಂದಿನ ತಿಂಗಳೇ. ಒಂದು ರೂಪಾಯಿ ಬರುವ ಮುಂಚೆ ಕೈಯಿಂದ 36,000 ಹೋಗುತ್ತದೆ. ಕೊನೆಗೆ ದುಡ್ಡು ಬರುವಾಗ ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿದು ಬರುತ್ತದೆ. ಇಂಥ ನಾಲ್ಕು ಬಿಲ್ ಸಿಕ್ಕಿಹಾಕಿಕೊಂಡರೆ ಆ ತಿಂಗಳ ಸಂಬಳಕ್ಕೆ ಪರದಾಟ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಮಾಡಿಸಿ. ಆನ್‌ಲೈನ್‌ನಲ್ಲಿ ಪುಕ್ಕಟೆ. ಅದರ ಬಲ ಎಷ್ಟೋ ಜನಕ್ಕೆ ಗೊತ್ತಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿ ಸಣ್ಣ, ಸಣ್ಣ ಉದ್ಯಮಗಳಿಗೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ದುಡ್ಡು ತಡ ಮಾಡುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಜೊತೆಗೆ, ಹೀಗೆ ತಡ ಮಾಡಿದ ಮೊತ್ತವನ್ನು ಕೊಡುವವರೆಗೂ ಆ ಕ್ಲೈಂಟ್ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಿಕೊಳ್ಳುವಂತಿಲ್ಲ. ಮಾರ್ಚ್ ಹತ್ತಿರ ಬಂದಾಗ ಕ್ಲೈಂಟಿನ ಅಕೌಂಟ್ಸ್ ವಿಭಾಗಕ್ಕೆ ಉದ್ಯಮ್ ನಂಬರ್ ಇರುವ ಒಂದು ಮರ್ಯಾದೆಯ ಮೇಲ್ ಕಳಿಸಿದರೆ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಇನ್ನು ಕಂತು. ಶುರುವಿಗೆ ಶೇ 40, ಕಾನ್ಸೆಪ್ಟ್ ಒಪ್ಪಿದ ಮೇಲೆ 30, ಫೈನಲ್ ಫೈಲ್ ಕೊಡುವ ಮುಂಚೆ 30. ಎಷ್ಟು ಸಲ ತಿದ್ದಿಕೊಡುತ್ತೇವೆ ಅಂತ ಒಪ್ಪಂದದಲ್ಲಿ ನಮೂದಿಸಿ. ಮೂರು ಸಲ ಸಾಕು, ಆಮೇಲೆ ಗಂಟೆಗಿಷ್ಟು. ಪೂರ್ತಿ ಹಣ ಬಂದ ಮೇಲೆಯೇ ಹಕ್ಕು ವರ್ಗಾವಣೆ ಅನ್ನುವ ಒಂದು ಸಾಲು ಇರಲೇಬೇಕು.

ಒಂದು ಅವಕಾಶದ ಮಾತು. 2024ರ ತಿದ್ದುಪಡಿಯಿಂದ ರಾಜ್ಯದಲ್ಲಿ ಅಂಗಡಿ, ಕಚೇರಿಗಳ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು. ಇಂಗ್ಲಿಷ್ ಲೋಗೋಗೆ ಪಕ್ಕದಲ್ಲಿ ಸುಮ್ನೆ ಒಂದು ಕನ್ನಡ ಫಾಂಟ್ ಅಂಟಿಸಿ ಮುಗಿಸಿದವರೇ ಜಾಸ್ತಿ. ಒತ್ತಕ್ಷರ ಕತ್ತರಿಸಿಹೋಗಿರುತ್ತದೆ, ತಲೆಕಟ್ಟು ಪಕ್ಕದ ಗೀರಿಗೆ ತಾಗಿರುತ್ತದೆ. ಕನ್ನಡ ಅಕ್ಷರವನ್ನು ಪ್ರೀತಿಯಿಂದ, ತಿಳಿದು ಬರೆಯುವ ಸ್ಟುಡಿಯೋಗಳಿಗೆ ಈ ಊರಿನಲ್ಲಿ ದೊಡ್ಡ ಕೆಲಸ ಇದೆ. ನಿಮಗೆ ವ್ಯಾಪಾರಿಗಳ ಪರಿಚಯ ಇದ್ದರೆ ಜೋಡಿಸಿಕೊಡಿ.

ಹೆಜ್ಜೆ 5: ಗೆರೆ ಎಳೆದವರು ಯಾರು, ಅದು ಯಾರದ್ದು?

ಡಿಸೈನ್ ಕಂಪನಿಯ ಆಸ್ತಿ ಅಂದರೆ ಕಂಪ್ಯೂಟರು, ಮೇಜು ಅಲ್ಲ. ಆ ಚಿತ್ರ, ಆ ಆಕಾರ, ಆ ಹೆಸರು. ಅದು ಕಂಪನಿಯದ್ದೇ ಅಂತ ಕಾಗದ ಇಲ್ಲದಿದ್ದರೆ ನೀವು ದುಡ್ಡು ಹಾಕುವುದು ಯಾವುದಕ್ಕೆ?

ಮೊದಲು ಫ್ರೀಲಾನ್ಸರ್‌ಗಳ ವಿಷಯ. ಖಾಯಂ ನೌಕರರು ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಗೆ ಸೇರುತ್ತದೆ. ಫ್ರೀಲಾನ್ಸರ್ ಬರೆದ ಚಿತ್ರ ಹಾಗಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬಂದುಬಿಡುತ್ತದೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಫೋಟೋ, ಪೇಂಟಿಂಗ್‌ನಂಥ ಕೆಲವಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದ್ದರೂ ಅದನ್ನು ನಂಬಿ ಕೂರಬೇಡಿ. ಲಿಖಿತ, ಸಹಿ ಇರುವ ವರ್ಗಾವಣೆ ಪತ್ರ ಬೇಕು. ಆ ಪತ್ರದಲ್ಲೂ ಅವಧಿ ಬರೆಯದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಯಾವ ದೇಶ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲವಾದರೆ, ವರ್ಗಾವಣೆಯೇ ಬಿದ್ದುಹೋಗುತ್ತದೆ. ಮೂರು ಸಾಲು ಬರೆದಿದ್ದರೆ ಮುಗಿಯುವ ಕೆಲಸ.

ಸ್ಥಾಪಕರು ಕಂಪನಿ ಹುಟ್ಟುವ ಮುಂಚೆ ಮಾಡಿದ ಕೆಲಸವೂ ಹೀಗೆಯೇ. ಅದು ಅವರ ಸ್ವಂತದ್ದು, ಕಂಪನಿಗೆ ಬರೆದುಕೊಡಬೇಕು. ಕಾಲೇಜಿನ ಪ್ರಾಜೆಕ್ಟ್ ಆಗಿದ್ದರೆ ಕಾಲೇಜಿನ ನಿಯಮವನ್ನೂ ಓದಿಸಿ.

ಎರಡನೆಯದು, ಇದು ಸ್ವಲ್ಪ ಸೂಕ್ಷ್ಮ. ಕುಶನ್ ಕವರಿಗೆ ಅಂತ ಒಂದು ಚೆಂದದ ವಿನ್ಯಾಸ ಬರೆದರು. ಕೃತಿಸ್ವಾಮ್ಯ ತಾನಾಗಿಯೇ ಇದೆ ಅಂತ ಸುಮ್ಮನಿದ್ದರು. ಡಿಸೈನ್ಸ್ ಕಾಯ್ದೆಯಲ್ಲಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಮೆಷಿನ್ ಮೇಲೆ 50ಕ್ಕಿಂತ ಜಾಸ್ತಿ ಸಲ ಮಾಡಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಮುಗಿಯಿತು. ಆಮೇಲೆ ಯಾರಾದರೂ ಅದನ್ನೇ ಹೊಡೆದು ಮಾರಿದರೆ ಕೃತಿಸ್ವಾಮ್ಯದ ಹೆಸರಲ್ಲಿ ತಡೆಯಲಾಗಲ್ಲ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ ರಕ್ಷಣೆ, ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ವಿನ್ಯಾಸ ಹೊಸದಾಗಿರಬೇಕು, ಹೊರಗೆ ಪ್ರಕಟವಾಗಿರಬಾರದು. ಚಿತ್ರಸಂತೆಯಲ್ಲಿ ಇಟ್ಟು, ಇನ್‌ಸ್ಟಾಗ್ರಾಂಗೆ ಹಾಕಿ, ಲೈಕ್ ಎಣಿಸಿ ಆಮೇಲೆ ಅರ್ಜಿ ಹಾಕಿದರೆ ತಡವಾಯಿತು. ಮೊದಲು ಅರ್ಜಿ, ಆಮೇಲೆ ಪೋಸ್ಟ್. ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ. ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ.

ಫಾಂಟ್ ಮತ್ತು ಸಾಫ್ಟ್‌ವೇರ್ ಲೈಸೆನ್ಸ್ ತೋರಿಸಿ ಅಂತ ಕೇಳಿ. ಕದ್ದ ಫಾಂಟಿನಲ್ಲಿ ಕ್ಲೈಂಟಿನ ಲೋಗೋ ಮಾಡಿಕೊಟ್ಟಿದ್ದರೆ ನಾಳೆ ನೋಟಿಸ್ ಬರುವುದು ಕ್ಲೈಂಟಿಗೆ. ಕನ್ನಡದಲ್ಲಿ ನೋಟೋ ಸಾನ್ಸ್ ಕನ್ನಡ, ‘ಬಾಲೂ ತಮ್ಮ’ ಥರದ ಮುಕ್ತ ಲೈಸೆನ್ಸಿನ ಒಳ್ಳೇ ಫಾಂಟ್‌ಗಳೇ ಇವೆ.

ಕರಕುಶಲ ಕೆಲಸದ ಜೊತೆ ಸೇರಿ ಮಾಡುವ ಸ್ಟಾರ್ಟಪ್ ಆದರೆ ಇನ್ನೂ ಸ್ವಲ್ಪ ಆಳಕ್ಕೆ ಹೋಗಿ. ಚನ್ನಪಟ್ಟಣದ ಗೊಂಬೆ, ಬಿದರಿ, ಇಳಕಲ್ ಸೀರೆ, ಕಿನ್ನಾಳ ಕಲೆ, ಎಲ್ಲಕ್ಕೂ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆ ಹೆಸರು ಹಾಕಿ ಮಾರಬೇಕಾದರೆ ಮಾಲು ನಿಜವಾಗಿ ಅಲ್ಲಿಯದೇ ಆಗಿರಬೇಕು. ಆಟಿಕೆಗೆ ಇನ್ನೊಂದು ನಿಯಮ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ಬೆಂಗಳೂರಿನ ಸ್ಟಾರ್ಟಪ್ ತನ್ನ ಘಟಕದಲ್ಲಿ ಮಾಡಿದರೆ ಆ ವಿನಾಯಿತಿ ತಾನಾಗಿ ಬರಲ್ಲ.

ಕುಶಲಕರ್ಮಿಗೆ ಪೀಸಿಗೆ ಎಷ್ಟು ಕೊಡುತ್ತಾರೆ, ಸ್ಯಾಂಪಲ್ ಮಾಡಿದ ದಿನಕ್ಕೆ ಕೂಲಿ ಕೊಡುತ್ತಾರಾ ಅಂತ ಕೇಳಿ. ಹೊಸ ಆಕಾರ ಕೂರುವವರೆಗೆ ನಾಲ್ಕೈದು ಸಲ ಕಡೆಯಬೇಕಾಗುತ್ತದೆ. ಆ ದಿನಗಳ ದುಡಿಮೆ ಸಾಮಾನ್ಯವಾಗಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಲಾಭ ಪೂರ್ತಿ ಕಡೆಯುವವರ ಕೂಲಿ ಕಡಿತದಿಂದಲೇ ಬರುತ್ತಿದ್ದರೆ, ಎಷ್ಟೇ ಚೆಂದ ಇದ್ದರೂ ಅಲ್ಲಿ ದುಡ್ಡು ಹಾಕಬೇಡಿ.

ಹೆಜ್ಜೆ 6: ಈಗ ದುಡ್ಡು

ಆರು ತಿಂಗಳಾಯಿತು. ಬೆಲೆ ಸರಿಹೋಗಿದೆ, ಬಾಕಿ ಬರುತ್ತಿದೆ, ಹಕ್ಕಿನ ಕಾಗದ ಇದೆ. ಪೂರ್ತಿ ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟೇ ಮೊತ್ತ ತೆಗೆದಿಡಿ. ಮಕ್ಕಳ ಫೀಸು, ನಿವೃತ್ತಿಯ ಗಂಟು ಮುಟ್ಟಬೇಡಿ.

ಷೇರು ತಗೊಳ್ಳಲು ಅದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿರಬೇಕು. ಒಬ್ಬರ ಹೆಸರಿನ ವ್ಯವಹಾರದಲ್ಲಿ, ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಷೇರು ಅನ್ನುವುದೇ ಇಲ್ಲ. "ಸದ್ಯಕ್ಕೆ ಸಾಲ ಅಂತ ಕೊಟ್ಟಿರಿ ಅಂಕಲ್, ಆಮೇಲೆ ಷೇರು ಮಾಡೋಣ" ಅಂದರೆ ಒಪ್ಪಬೇಡಿ. ನಿರ್ದೇಶಕರೋ, ಅವರ ಸಂಬಂಧಿಯೋ, ಷೇರುದಾರರೋ ಅಲ್ಲದ ಹೊರಗಿನ ವ್ಯಕ್ತಿಯಿಂದ ಸಾಲ ಪಡೆದರೆ ಕಂಪನಿ ಕಾಯ್ದೆಯಲ್ಲಿ ಅದು ಠೇವಣಿ ಆಗುತ್ತದೆ, ಕಂಪನಿಗೆ ತೊಂದರೆ. ಕನ್ವರ್ಟಿಬಲ್ ನೋಟ್ (ಮೊದಲು ಸಾಲ, ಆಮೇಲೆ ಷೇರಾಗಬಲ್ಲ ಪತ್ರ) ಅಂತ ಒಂದು ದಾರಿ ಇದೆ, ಆದರೆ ಕಂಪನಿಗೆ ಸ್ಟಾರ್ಟಪ್ ಅಂತ ಕೇಂದ್ರದ ಕೈಗಾರಿಕಾ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಇರಬೇಕು, ಒಬ್ಬರು ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಅದಕ್ಕಿಂತ ಕಡಿಮೆ ಹಾಕುವವರಿಗೆ ಸಾಮಾನ್ಯ ಷೇರು, ಇಲ್ಲವೇ ಸಿಸಿಪಿಎಸ್ ಅಂತ ಕರೆಯುವ, ಮುಂದೆ ಕಡ್ಡಾಯವಾಗಿ ಷೇರಾಗುವ ಪ್ರಿಫರೆನ್ಸ್ ಷೇರು.

ಪಾಲಿನ ಲೆಕ್ಕ ಸುಲಭ. ನಿಮ್ಮ ದುಡ್ಡು ಬರುವ ಮುಂಚೆ ಕಂಪನಿಯ ಬೆಲೆ 1 ಕೋಟಿ 35 ಲಕ್ಷ ಅಂತ ಒಪ್ಪಿದಿರಿ. ನೀವು 15 ಲಕ್ಷ ಹಾಕಿದಿರಿ. ಆಮೇಲಿನ ಬೆಲೆ 1 ಕೋಟಿ 50 ಲಕ್ಷ. ನಿಮ್ಮ ಪಾಲು ಶೇ 10. ಮೊದಲ ಸುತ್ತಿನಲ್ಲೇ ಶೇ 30, 40 ಕೇಳುವವರಿದ್ದಾರೆ. ಅದು ಬೇಡ. ಮುಂದಿನ ಹೂಡಿಕೆದಾರರು ಹಿಂದೇಟು ಹಾಕುತ್ತಾರೆ, ಮಾಡುವವರಿಗೂ ತಮ್ಮದು ಅನ್ನುವ ಆಸೆ ಉಳಿಯಲ್ಲ.

ಕಾಗದದ ಸಾಲು ಹೀಗಿದೆ. ನೋಂದಾಯಿತ ಮೌಲ್ಯಮಾಪಕರ ವರದಿ, ಷೇರುದಾರರ ನಿರ್ಣಯ, ಪಿಎಎಸ್-4 ಅನ್ನುವ ಆಫರ್ ಪತ್ರ. ದುಡ್ಡು ನಿಮ್ಮ ಬ್ಯಾಂಕ್ ಖಾತೆಯಿಂದ ಕಂಪನಿಯ ಇದಕ್ಕೆಂದೇ ಇರುವ ಪ್ರತ್ಯೇಕ ಖಾತೆಗೆ ಹೋಗಬೇಕು. ನಗದು ಇಲ್ಲ, ಸ್ಥಾಪಕರ ಸ್ವಂತ ಖಾತೆಗೂ ಇಲ್ಲ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು. ಹಂಚಿದ 15 ದಿನದೊಳಗೆ ಅದರ ವಿವರ ಕೊಡುವ ಪಿಎಎಸ್-3 ಫಾರಂ ಅನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಅದನ್ನು ಸಲ್ಲಿಸುವವರೆಗೆ ಕಂಪನಿ ಆ ದುಡ್ಡು ಮುಟ್ಟುವಂತಿಲ್ಲ. ಎರಡು ತಿಂಗಳೊಳಗೆ ಷೇರು ಪತ್ರ ನಿಮಗೆ ಸೇರಬೇಕು. ಒಬ್ಬ ಒಳ್ಳೇ ಕಂಪನಿ ಸೆಕ್ರೆಟರಿಗೆ ಫೀಸು ಕೊಟ್ಟು ಮಾಡಿಸಿ, ಇಲ್ಲಿ ಉಳಿತಾಯ ನೋಡಬೇಡಿ. ಸ್ಟಾರ್ಟಪ್‌ಗಳನ್ನು ಕಾಡುತ್ತಿದ್ದ ಏಂಜೆಲ್ ಟ್ಯಾಕ್ಸ್ (ನ್ಯಾಯಬೆಲೆಗಿಂತ ಹೆಚ್ಚಿಗೆ ಷೇರು ಕೊಟ್ಟರೆ ಆ ಹೆಚ್ಚಿನ ಮೊತ್ತಕ್ಕೆ ಬೀಳುತ್ತಿದ್ದ ತೆರಿಗೆ) 2025ರ ಏಪ್ರಿಲ್ 1ರಿಂದ ಇಲ್ಲ, ಅಷ್ಟು ನೆಮ್ಮದಿ.

ಷೇರುದಾರರ ಒಪ್ಪಂದ ಚಿಕ್ಕದಾಗಿರಲಿ. ಸ್ಥಾಪಕರ ಷೇರು ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ಅವರದ್ದಾಗುವಂತೆ ಬರೆಯಿರಿ, ಒಬ್ಬರು ವರ್ಷಕ್ಕೇ ಬಿಟ್ಟುಹೋದರೆ ಉಳಿದವರು ಒದ್ದಾಡಬಾರದು. ಹೊಸ ಷೇರು ಬಂದಾಗ ನಿಮಗೂ ತಗೊಳ್ಳುವ ಹಕ್ಕು, ಅವರು ಮಾರಿದಾಗ ಅದೇ ಬೆಲೆಗೆ ನೀವೂ ಮಾರುವ ಹಕ್ಕು ಇರಲಿ. ಯಾವ ಡಿಸೈನ್ ಮಾಡಬೇಕು ಅನ್ನುವುದರಲ್ಲಿ ನಿಮಗೆ ತಡೆಯುವ ಅಧಿಕಾರ ಬರೆದುಕೊಳ್ಳಬೇಡಿ.

ದುಡ್ಡು ಯಾವುದಕ್ಕೆ ಅಂತ ಮೊದಲೇ ಒಪ್ಪಿಕೊಳ್ಳಿ. ಡೈ, ಮೊದಲ ದೊಡ್ಡ ಲಾಟಿನ ಸ್ಟಾಕ್, ಮಾರಾಟ ನೋಡಿಕೊಳ್ಳಲು ಒಬ್ಬರು. ಇಂದಿರಾನಗರದಲ್ಲಿ ಗಾಜಿನ ಆಫೀಸಿಗೆ ಬೇಡ.

ಹೆಜ್ಜೆ 7: ಹಾಕಿದ ಮೇಲೆ

ತಿಂಗಳಿಗೊಂದು ಪುಟ ತರಿಸಿಕೊಳ್ಳಿ. ಬ್ಯಾಂಕಿನಲ್ಲಿ ಎಷ್ಟಿದೆ, ಬರಬೇಕಾದ ಬಾಕಿ ಎಷ್ಟು, ಕೈಯಲ್ಲಿರುವ ಆರ್ಡರ್, ಮಾರಾಟವಾಗದ ಸ್ಟಾಕ್, ಇನ್ನೆಷ್ಟು ತಿಂಗಳು ನಡೆಯುತ್ತದೆ. ಇಷ್ಟು ಸಾಕು. ದಿನಾ ಫೋನ್ ಮಾಡಬೇಡಿ. ಹದಿನೈದು ದಿನದ ಭೇಟಿ ಮಾತ್ರ ನಿಲ್ಲಿಸಬೇಡಿ, ದುಡ್ಡು ಹಾಕಿದ ಮೇಲೆ ಅದು ಇನ್ನೂ ಮುಖ್ಯ.

ವಾಪಸ್ ಬರುವ ದಾರಿಗಳು ಕೆಲವೇ. ಮುಂದಿನ ಹೂಡಿಕೆದಾರರು ನಿಮ್ಮ ಪಾಲು ಕೊಳ್ಳಬಹುದು, ದೊಡ್ಡ ಕಂಪನಿ ಇಡೀ ಬ್ರ್ಯಾಂಡನ್ನೇ ಕೊಳ್ಳಬಹುದು, ಚೆನ್ನಾಗಿ ನಡೆದರೆ ಸ್ಥಾಪಕರೇ ಕೊಳ್ಳಬಹುದು. ವರ್ಷಗಳು ಹಿಡಿಯುತ್ತವೆ. ಷೇರುಪೇಟೆಯಲ್ಲಿ ಪಟ್ಟಿಯಾಗದ ಷೇರನ್ನು 24 ತಿಂಗಳು ದಾಟಿ ಮಾರಿದರೆ ಅದು ದೀರ್ಘಾವಧಿ ಲಾಭ, ತೆರಿಗೆ ಶೇ 12.5. ನಷ್ಟವಾದರೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿ, ಬಂಡವಾಳ ನಷ್ಟವನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ದು ಮುಂದಿನ ಲಾಭದಲ್ಲಿ ಕಳೆಯಬಹುದು.

ಕಂಪನಿ ಮುಚ್ಚುವ ಪರಿಸ್ಥಿತಿಯೂ ಬರಬಹುದು. ಹಾಗಾದರೆ ಸಾಮಾನು ಕೊಟ್ಟವರಿಗೆ, ಕುಶಲಕರ್ಮಿಗಳಿಗೆ, ನೌಕರರಿಗೆ ಮೊದಲು ಚುಕ್ತಾ ಮಾಡಿಸಿ, ನಿಮ್ಮ ಪಾಲಿನ ಮಾತು ಆಮೇಲೆ. ಬಾಕಿ ಎಲ್ಲ ತೀರಿದ ಮೇಲೂ ಉಳಿಯುವ ಡಿಸೈನ್‌ಗಳ ಹಕ್ಕು ಅದನ್ನು ಮಾಡಿದವರಿಗೇ ಹೋಗಲಿ ಅಂತ ಒಪ್ಪಂದದಲ್ಲಿ ಶುರುವಿನಲ್ಲೇ ಒಂದು ಸಾಲು ಬರೆಸಿ. ಕಂಪನಿಯ ಹೆಸರನ್ನು ರಿಜಿಸ್ಟರ್‌ನಿಂದ ತೆಗೆಸುವ ಅರ್ಜಿ ಹಾಕುವ ಮುಂಚೆಯೇ ಆ ವರ್ಗಾವಣೆ ಪತ್ರಕ್ಕೆ ಸಹಿ ಆಗಿರಬೇಕು. ಮುಚ್ಚಿದ ಮೇಲೆ ಸಹಿ ಹಾಕಲು ಕಂಪನಿ ಅನ್ನುವುದೇ ಇರಲ್ಲ.